ಐಎಲ್‌ಎಸ್ ಅಪ್ರೋಚ್: ಕಾಕ್‌ಪಿಟ್ ಎಡವುವುದು ಎಲ್ಲಿ, ತಡೆಯುವುದು ಹೇಗೆ

ಕಾಸರಗೋಡಿನವರು ವಿಮಾನ ಹತ್ತಬೇಕಾದರೆ ಬಡಗಿಗೆ ಮಂಗಳೂರಿನ ಬಜ್ಪೆ, ತೆಂಕಿಗೆ ಮಟ್ಟನ್ನೂರಿನ ಕಣ್ಣೂರು ನಿಲ್ದಾಣ, ಇನ್ನೂ ಆಚೆ ಕಲ್ಲಿಕೋಟೆಯ ಕರಿಪ್ಪೂರು. ಮೂರೂ ಗುಡ್ಡದ ನೆತ್ತಿ ತರಿದು ಮಾಡಿದ ಟೇಬಲ್‌ಟಾಪ್ ರನ್‌ವೇಗಳು. ಜೂನ್‌ನಲ್ಲಿ ಹಿಡಿದ ಮಳೆ ಮೂರನ್ನೂ ಬಿಡುವುದಿಲ್ಲ. ಗಲ್ಫ್‌ನಿಂದ ಬರುವ ವಿಮಾನಗಳಲ್ಲಿ ಹಲವು ಬೆಳಗಿನ ಜಾವದಲ್ಲಿ ಇಳಿಯುತ್ತವೆ, ಅಂದರೆ ಮೈ ನಿದ್ದೆ ಬೇಡುವ ಹೊತ್ತಿಗೇ. ರನ್‌ವೇ ಬಳಿಯಿಂದ ಬರುವ ರೇಡಿಯೊ ಕಿರಣಗಳನ್ನು ಹಿಡಿದು ಇಳಿಯುವುದೇ ಐಎಲ್‌ಎಸ್ ಅಪ್ರೋಚ್. ಅದರ ತಪ್ಪುಗಳನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಡೆಯವರು ದೂರದ ಉದಾಹರಣೆ ಹುಡುಕಬೇಕಾಗಿಲ್ಲ.

ಮಂಜೇಶ್ವರದಿಂದ ಹೊಸದುರ್ಗದವರೆಗೆ ಪೈಲಟ್ ತರಬೇತಿಗೆ ಸೇರಿ ಇನ್ಸ್‌ಟ್ರುಮೆಂಟ್ ರೇಟಿಂಗ್‌ಗೆ ಓದುತ್ತಿರುವವರಿಗೆ, ಮನೆಯ ಕಂಪ್ಯೂಟರಿನಲ್ಲಿ 737 ಅಥವಾ ಎ320 ಹಾರಿಸುವವರಿಗೆ ಈ ಬರಹ. ನಿಜವಾದ ವಿಮಾನದಲ್ಲಿ ಚಾರ್ಟ್ ಮತ್ತು ಕಂಪನಿಯ ಎಸ್‌ಒಪಿ (ನಿಗದಿತ ಕ್ರಮ) ಹೇಳಿದ್ದೇ ಕೊನೆಯ ಮಾತು. ಇಲ್ಲಿ ಮೈಲಿ ಎಂದದ್ದೆಲ್ಲ ನಾಟಿಕಲ್ ಮೈಲಿ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಐಎಲ್‌ಎಸ್‌ನಲ್ಲಿ ಸಿಬ್ಬಂದಿ ಮಾಡುವ ದೊಡ್ಡ ತಪ್ಪುಗಳು ರನ್‌ವೇ ಹತ್ತಿರ ಹುಟ್ಟುವುದಿಲ್ಲ. ಹದಿನೈದು, ಇಪ್ಪತ್ತು ಮೈಲಿ ಹಿಂದೆಯೇ ಎತ್ತರ ಮತ್ತು ವೇಗದ ಲೆಕ್ಕ ತಪ್ಪಿರುತ್ತದೆ. ರನ್‌ವೇ ಹತ್ತಿರ ಆಗುವುದು ಎರಡನೆಯ ತಪ್ಪು: ಕೆಟ್ಟ ಅಪ್ರೋಚನ್ನು ಬಿಟ್ಟು ಮೇಲೇರದಿರುವುದು. ಜೀವ ಹೋಗುವುದು ಈ ಎರಡನೆಯದರಿಂದ.

ಸೂಜಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಲೊಕಲೈಸರ್ ಆಂಟೆನಾ ಇರುವುದು ರನ್‌ವೇಯ ಆಚೆ ತುದಿಯಲ್ಲಿ. 108ರಿಂದ 112 ಮೆಗಾಹರ್ಟ್ಜ್ ನಡುವೆ ಅದು ಎರಡು ದನಿ ಬಿಡುತ್ತದೆ: ಬರುವವರ ಎಡಕ್ಕೆ 90 ಹರ್ಟ್ಜ್ ಜೋರು, ಬಲಕ್ಕೆ 150 ಹರ್ಟ್ಜ್ ಜೋರು. ಎರಡೂ ಸಮವಾದ ಗೆರೆಯೇ ರನ್‌ವೇಯ ನಡುಗೆರೆ. ಗ್ಲೈಡ್ ಸ್ಲೋಪ್ ಆಂಟೆನಾ ಟಚ್‌ಡೌನ್ ಜಾಗದ ಪಕ್ಕದಲ್ಲಿರುತ್ತದೆ. ಅದು 329ರಿಂದ 335 ಮೆಗಾಹರ್ಟ್ಜ್ ನಡುವೆ ಇದೇ ಆಟವನ್ನು ಮೇಲೆ ಕೆಳಗೆ ಆಡುತ್ತದೆ. ಲೊಕಲೈಸರ್ ಫ್ರೀಕ್ವೆನ್ಸಿ ಹಾಕಿದರೆ ಗ್ಲೈಡ್ ಸ್ಲೋಪ್ ಜೊತೆಗೇ ಬರುತ್ತದೆ.

ಲೊಕಲೈಸರ್ ಸೂಜಿ ಪೂರ್ತಿ ಪಕ್ಕಕ್ಕೆ ಹೋಗಲು ಸುಮಾರು 2.5 ಡಿಗ್ರಿ ತಪ್ಪಿದರೆ ಸಾಕು, ಗ್ಲೈಡ್ ಸ್ಲೋಪ್‌ಗೆ ಬರೀ 0.7 ಡಿಗ್ರಿ. ಇದು ಕೋನದ ಲೆಕ್ಕ, ಅಡಿಯ ಲೆಕ್ಕವಲ್ಲ. ಗ್ಲೈಡ್ ಸ್ಲೋಪ್‌ನ ಒಂದು ಡಾಟ್ (ಸೂಜಿಯ ಪೂರ್ತಿ ಸರಿತದ ಅರ್ಧ) ತಪ್ಪು 10 ಮೈಲಿಯಲ್ಲಿ ಸುಮಾರು 370 ಅಡಿ, 1 ಮೈಲಿಯಲ್ಲಿ 37 ಅಡಿ. ಹೊಸಬರು ದೂರದಲ್ಲಿ ಕಲಿತ ಕೈಬಲವನ್ನೇ ಹತ್ತಿರದಲ್ಲೂ ಬಳಸಿ ಸೂಜಿಯ ಹಿಂದೆ ಮೇಲೆ ಕೆಳಗೆ ಓಡುತ್ತಾರೆ. 500 ಅಡಿಯ ಕೆಳಗೆ ಪಿಚ್‌ನಲ್ಲಿ ಅರ್ಧ, ಒಂದು ಡಿಗ್ರಿಗಿಂತ ಹೆಚ್ಚಿನ ತಿದ್ದುಪಡಿ ಬೇಕಾಗುತ್ತಿದ್ದರೆ ಅಪ್ರೋಚ್ ಆಗಲೇ ಕೆಟ್ಟಿದೆ ಎಂದೇ ತಿಳಿಯಿರಿ.

ಸೂಜಿ ಹೇಳದಿರುವುದೇ ಹೆಚ್ಚು. ವೇಗ ಎಷ್ಟು, ಇದು ನಿಮಗೆ ಬೇಕಾದ ರನ್‌ವೇಯೇ, ಹಿಡಿದ ಕಿರಣ ಸರಿಯಾದದ್ದೇ, ಯಾವುದನ್ನೂ ಅದು ಹೇಳುವುದಿಲ್ಲ.

ಇಳಿಯಲು ಶುರು ಮಾಡುವ ಮೊದಲು

ಬ್ರೀಫಿಂಗ್ ಕ್ರೂಸ್‌ನಲ್ಲೇ ಮುಗಿಯಬೇಕು. ಫ್ರೀಕ್ವೆನ್ಸಿ, ಇನ್‌ಬೌಂಡ್ ಕೋರ್ಸ್, ಗ್ಲೈಡ್ ಸ್ಲೋಪ್ ಹಿಡಿಯುವ ಎತ್ತರ, ಡಿಸಿಷನ್ ಆಲ್ಟಿಟ್ಯೂಡ್ (ರನ್‌ವೇ ಕಾಣದಿದ್ದರೆ ಮೇಲೇರಲೇಬೇಕಾದ ಎತ್ತರ, ಅದೇ ಮಿನಿಮಮ್), ಮಿಸ್ಡ್ ಅಪ್ರೋಚ್‌ನ (ಇಳಿಯದೆ ಮೇಲೇರುವ ದಾರಿಯ) ಮೊದಲ ತಿರುವು ಮತ್ತು ಎತ್ತರ, ರನ್‌ವೇ ಒದ್ದೆಯೇ, ಬ್ರೇಕ್ ಸೆಟ್ಟಿಂಗ್ ಏನು, ಇಳಿಯಲಾಗದಿದ್ದರೆ ಎಲ್ಲಿಗೆ, ಅದಕ್ಕೆ ಇಂಧನ ಎಷ್ಟು. ಒಬ್ಬರು ಓದುವಾಗ ಇನ್ನೊಬ್ಬರು ತಮ್ಮ ಬದಿಯ ಉಪಕರಣದಲ್ಲಿ ಅದೇ ಅಂಕಿ ಕೂತಿದೆಯೇ ಎಂದು ನೋಡಬೇಕು. ಇಬ್ಬರೂ ಒಂದೇ ಕಾಗದ ನೋಡಿ ತಲೆಯಾಡಿಸಿದರೆ ಅದು ಬ್ರೀಫಿಂಗ್ ಅಲ್ಲ, ಪಾರಾಯಣ.

ಫ್ರೀಕ್ವೆನ್ಸಿ ಹಾಕಿದ ಮೇಲೆ ಮೋರ್ಸ್ ಐಡೆಂಟ್ ಕೇಳಿ, ಇಲ್ಲವೇ ಸ್ಕ್ರೀನ್ ಮೇಲೆ ಬಂದ ಅಕ್ಷರಗಳನ್ನು ಚಾರ್ಟ್‌ಗೆ ಹೋಲಿಸಿ. ರನ್‌ವೇ ಕೊನೆ ಗಳಿಗೆಯಲ್ಲಿ ಬದಲಾದಾಗ ಹಳೆಯ ಫ್ರೀಕ್ವೆನ್ಸಿ ಅಥವಾ ಹಳೆಯ ಕೋರ್ಸ್ ಉಳಿದುಬಿಡುವುದು ತೀರಾ ಸಾಮಾನ್ಯ. ನೋಟಮ್ (ಪೈಲಟ್‌ಗಳಿಗೆ ಬರುವ ಎಚ್ಚರಿಕೆಯ ಸೂಚನೆ) ಓದದೆ ಇರುವುದು, ಓದಿಯೂ ನೆನಪಿಡದಿರುವುದು ಇನ್ನೂ ಅಪಾಯ. 1997ರ ಆಗಸ್ಟ್ 6ರಂದು ಗುವಾಮ್‌ನಲ್ಲಿ ಕೊರಿಯನ್ ಏರ್‌ನ 747 ಗುಡ್ಡಕ್ಕೆ ಬಡಿದು 228 ಜನ ಸತ್ತರು. ಅಲ್ಲಿ ಗ್ಲೈಡ್ ಸ್ಲೋಪ್ ಸೇವೆಯಲ್ಲಿ ಇರಲಿಲ್ಲ, ಸಿಬ್ಬಂದಿಗೆ ಅದು ಗೊತ್ತೂ ಇತ್ತು. ಆದರೂ ಸೂಜಿ ಅಲುಗಾಡಿದಾಗ ಅದು ಕೆಲಸ ಮಾಡುತ್ತಿದೆಯೋ ಎಂಬ ಮಾತು ಕಾಕ್‌ಪಿಟ್‌ನಲ್ಲಿ ನಡೆಯಿತು. ದೂರ ತೋರಿಸುವ ಡಿಎಂಇ ಇದ್ದದ್ದು ರನ್‌ವೇಯಲ್ಲಿ ಅಲ್ಲ, ಅದಕ್ಕಿಂತ ಮೂರು ಮೈಲಿಗೂ ಹೆಚ್ಚು ಮೊದಲೇ ಸಿಗುವ ಗುಡ್ಡದ ಮೇಲೆ. ಆದ್ದರಿಂದ ಡಿಎಂಇ ಸೊನ್ನೆ ತೋರುವ ಜಾಗ ಯಾವುದು ಎಂಬುದನ್ನು ಪ್ರತಿ ಚಾರ್ಟ್‌ನಲ್ಲೂ ಹುಡುಕಿ ನೋಡಿ.

ಎತ್ತರದ ಬಾಯಿಲೆಕ್ಕ

3 ಡಿಗ್ರಿ ಇಳಿಜಾರಿನಲ್ಲಿ ಪ್ರತಿ ಮೈಲಿಗೆ 318 ಅಡಿ. ಥ್ರೆಶೋಲ್ಡ್ (ರನ್‌ವೇ ಶುರುವಾಗುವ ಗೆರೆ) ದಾಟುವಾಗ 50 ಅಡಿ. ಬಜ್ಪೆ ಸಮುದ್ರಮಟ್ಟದಿಂದ ಸುಮಾರು 340 ಅಡಿ ಮೇಲೆ ಉಂಟು. ಹಾಗಾದರೆ ಥ್ರೆಶೋಲ್ಡ್‌ನಿಂದ 10 ಮೈಲಿಯಲ್ಲಿ 3180, 50, 340 ಸೇರಿ 3570 ಅಡಿ. 5 ಮೈಲಿಯಲ್ಲಿ 1980. ಈ ಎರಡು ಅಂಕಿ ತಲೆಯಲ್ಲಿದ್ದರೆ ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಇನ್ನೂ ದೂರದಲ್ಲಿ ಮೈಲಿಗೆ 300 ಅಡಿ ಎಂದು ಹಿಡಿದರೆ ಸಾಕು: 30 ಮೈಲಿಗೆ ನೆಲದಿಂದ 9000 ಅಡಿ, 250 ನಾಟ್.

ಇಳಿಯುವ ವೇಗಕ್ಕೆ ಗ್ರೌಂಡ್‌ಸ್ಪೀಡನ್ನು 5ರಿಂದ ಗುಣಿಸಿ. 140 ನಾಟ್ ಆದರೆ ನಿಮಿಷಕ್ಕೆ 700 ಅಡಿ. ಹಿಂಗಾಳಿ ಸೇರಿ 155 ಆದರೆ 775. ಇದಕ್ಕಿಂತ ತುಂಬ ಹೆಚ್ಚು ಬೇಕಾಗುತ್ತಿದೆ ಎಂದರೆ ಒಂದೋ ನೀವು ಮೇಲಿದ್ದೀರಿ, ಅಲ್ಲವೇ ಗಾಳಿ ಟವರ್ ಹೇಳಿದ ಹಾಗಿಲ್ಲ.

ವೇಗ ಇಳಿಸಲು ಜಾಗ ಬೇಕು ಎಂಬುದು ಹಲವರ ಲೆಕ್ಕದಲ್ಲೇ ಇರುವುದಿಲ್ಲ. ಮಟ್ಟವಾಗಿ ಹಾರುವಾಗ ಜೆಟ್ ವಿಮಾನ ಒಂದು ಮೈಲಿಗೆ ಸುಮಾರು 10 ನಾಟ್ ಕಳೆದುಕೊಳ್ಳುತ್ತದೆ. 3 ಡಿಗ್ರಿ ಇಳಿಜಾರಿನಲ್ಲಿ ಫ್ಲ್ಯಾಪ್ (ರೆಕ್ಕೆಯಂಚಿನಿಂದ ಇಳಿಸುವ ಹಲಗೆ), ಗೇರ್ (ಚಕ್ರ) ಇಲ್ಲದೆ ಥ್ರಸ್ಟ್ (ಎಂಜಿನ್‌ನ ನೂಕುಬಲ) ಪೂರಾ ಇಳಿಸಿದರೂ ವೇಗ ಕಡಿಮೆಯಾಗುವುದು ಕಷ್ಟ. ಬ್ರೇಕ್ ಸವೆದ ಸೈಕಲ್ಲಿನಲ್ಲಿ ಗುಡ್ಡ ಇಳಿದವರಿಗೆ ಇದು ಹೇಳದೆಯೇ ಗೊತ್ತಾಗುತ್ತದೆ. ಇಳಿಯುವುದು, ನಿಧಾನವಾಗುವುದು ಎರಡೂ ಒಟ್ಟಿಗೆ ಬೇಕೆಂದರೆ ಗೇರ್ ಬೇಗ ಇಳಿಸಿ. 737ರಲ್ಲಿ ಮೊದಲ ಹಂತದ ಫ್ಲ್ಯಾಪ್‌ಗಳಿಗಿಂತ ಗೇರ್‌ನ ತಡೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸದ್ದಾಗುತ್ತದೆ ಎಂಬ ಮುಜುಗರ ಬೇಡ.

ಇನ್ನು ಕ್ಯೂಎನ್‌ಎಚ್, ಅಂದರೆ ಆಲ್ಟಿಮೀಟರಿಗೆ (ಎತ್ತರ ತೋರುವ ಉಪಕರಣಕ್ಕೆ) ಹಾಕುವ ಗಾಳಿಯ ಒತ್ತಡದ ಅಂಕಿ. 1 ಹೆಕ್ಟೊಪಾಸ್ಕಲ್ ಎಂದರೆ ಸುಮಾರು 28 ಅಡಿ. 1003 ಎಂದದ್ದನ್ನು 1013 ಎಂದು ಹಾಕಿದರೆ ಆಲ್ಟಿಮೀಟರ್ 280 ಅಡಿ ಹೆಚ್ಚು ತೋರಿಸುತ್ತದೆ. ಗ್ಲೈಡ್ ಸ್ಲೋಪ್ ರೇಡಿಯೊ ಕಿರಣವಾದ್ದರಿಂದ ದಾರಿ ತಪ್ಪುವುದಿಲ್ಲ, ತಪ್ಪುವುದು ಡಿಸಿಷನ್ ಆಲ್ಟಿಟ್ಯೂಡ್. ಬಜ್ಪೆಯಲ್ಲಿ 200 ಅಡಿಯ ಮಿನಿಮಮ್ ಎಂದರೆ ಆಲ್ಟಿಮೀಟರಿನಲ್ಲಿ ಸುಮಾರು 540. ಅದು 540 ತೋರುವಾಗ ವಿಮಾನ ನಿಜಕ್ಕೂ 260ರಲ್ಲಿರಬೇಕು, ನೆಲ ಇರುವುದೇ 340ರಲ್ಲಿ. ಮಿನಿಮಮ್ಸ್ ಎಂಬ ಕರೆ ಬರುವ ಮೊದಲೇ ಚಕ್ರ ನೆಲಕ್ಕೆ ತಾಗಿರುತ್ತದೆ. ಇದನ್ನು ಹಿಡಿಯುವ ದೊಡ್ಡ ಬಲೆ ಗ್ಲೈಡ್ ಸ್ಲೋಪ್ ಮೇಲಿದ್ದಾಗ ಮಾಡುವ ಎತ್ತರದ ತಾಳೆ: 5 ಮೈಲಿಯಲ್ಲಿ ಸೂಜಿ ನಡುವೆ, ಆಲ್ಟಿಮೀಟರ್ 1980ರ ಬದಲು 2260. ಎಲ್ಲೋ ತಪ್ಪಿದೆ. ನಮ್ಮ ಕರಾವಳಿಯ 30 ಡಿಗ್ರಿ ಸೆಕೆಯಲ್ಲಿ ಆಲ್ಟಿಮೀಟರ್ 80–90 ಅಡಿ ಕಡಿಮೆ ತೋರುವುದು ಸಹಜ, ಅದಕ್ಕೆ ಗಾಬರಿ ಬೇಡ. 150 ಅಡಿ ಮೀರಿದ ವ್ಯತ್ಯಾಸವನ್ನು ಬಿಡಬೇಡಿ.

ರೇಡಿಯೊ ಕಿರಣವಿಲ್ಲದ, ಆಲ್ಟಿಮೀಟರನ್ನೇ ನಂಬಿದ ಉಪಗ್ರಹ ಅಪ್ರೋಚ್‌ಗಳಲ್ಲಿ ಈ ತಾಳೆಯೂ ಕೈಕೊಡುತ್ತದೆ, ಏಕೆಂದರೆ ದಾರಿಯೂ ಅದೇ ತಪ್ಪು ಅಂಕಿಯಿಂದ ಹುಟ್ಟಿರುತ್ತದೆ. 2022ರ ಮೇ 23ರಂದು ಪ್ಯಾರಿಸ್‌ನ ಚಾರ್ಲ್ಸ್ ಡಿ ಗಾಲ್‌ನಲ್ಲಿ 1001ರ ಬದಲು 1011 ಎಂದು ಬಂದ ಕ್ಯೂಎನ್‌ಎಚ್‌ನಿಂದ ಒಂದು ಎ320 ರನ್‌ವೇಗೆ ಸುಮಾರು ಒಂದು ಮೈಲಿ ಮೊದಲೇ ನೆಲದಿಂದ 6 ಅಡಿಗೆ ಇಳಿದು, ಗೋ ಅರೌಂಡ್ ಮಾಡಿ, ಅಂದರೆ ಇಳಿಯದೆ ಮತ್ತೆ ಮೇಲೇರಿ, ಬದುಕಿತು. ಐಎಲ್‌ಎಸ್‌ನಲ್ಲಿ ಅಭ್ಯಾಸವಾದ ನಂಬಿಕೆಯನ್ನು ಇನ್ನೊಂದು ಬಗೆಯ ಅಪ್ರೋಚ್‌ಗೆ ಹೊತ್ತೊಯ್ಯಬಾರದು.

ಮೇಲಿನಿಂದ ಹಿಡಿಯುವುದು: ಎಲ್ಲಕ್ಕಿಂತ ಹಳೆಯ ಬಲೆ

ಗ್ಲೈಡ್ ಸ್ಲೋಪನ್ನು ಕೆಳಗಿನಿಂದಲೇ ಹಿಡಿಯಬೇಕು. ಮಟ್ಟವಾಗಿ ಹಾರುತ್ತಾ ಇದ್ದರೆ ಸೂಜಿ ಮೇಲಿನಿಂದ ನಡುವಿಗೆ ಇಳಿದು ಬರುತ್ತದೆ. ಒಂದು ಡಾಟ್ ಬಾಕಿ ಇರುವಾಗ ಗೇರ್, ನಡುವೆ ಬಂದಾಗ ಲ್ಯಾಂಡಿಂಗ್ ಫ್ಲ್ಯಾಪ್. ಇದು ಪಾಠದ ಕ್ರಮ.

ಮೇಲಿನಿಂದ ಬಂದರೆ ಮೂರು ಗುಂಡಿಗಳು ಕಾದಿರುತ್ತವೆ.

ಮೊದಲನೆಯದು ಸುಳ್ಳು ಕಿರಣ. ಆಂಟೆನಾದ ಸ್ವಭಾವದಿಂದಲೇ 3 ಡಿಗ್ರಿಯ ಮೇಲೆ, ಮುಖ್ಯವಾಗಿ 9 ಡಿಗ್ರಿಯ ಸುತ್ತ, ಇನ್ನೊಂದು ಗ್ಲೈಡ್ ಸ್ಲೋಪ್ ಕಾಣುತ್ತದೆ. ನಡುವೆ ಸಿಗ್ನಲ್ ತಿರುಗುಮುರುಗಾಗುವ ಜಾಗವೂ ಉಂಟು. ಆಟೊಪೈಲಟ್ ಅದನ್ನು ಹಿಡಿದರೆ ಕೆಳಕ್ಕೆ ಹೋಗುವ ಬದಲು ಮೂಗನ್ನು ಜೋರಾಗಿ ಎತ್ತಬಹುದು. 2013ರ ಮೇ 31ರಂದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಒಂದು 737-800 ಹೀಗೆ ಮೂಗೆತ್ತಿ ಸ್ಟಿಕ್ ಶೇಕರ್ (ವೇಗ ತೀರಾ ಕುಸಿದಾಗ ಕಂಟ್ರೋಲನ್ನು ಅಲುಗಾಡಿಸುವ ಎಚ್ಚರಿಕೆ) ಬಾರಿಸುವವರೆಗೆ ಹೋಯಿತು. ಗುರುತು ಹಿಡಿಯಲು ಉಪಾಯ ಸರಳ: ಸೂಜಿ ನಡುವೆ ಬಂದ ಕ್ಷಣ ದೂರವನ್ನು 300ರಿಂದ ಗುಣಿಸಿ. 9 ಡಿಗ್ರಿ ಕಿರಣದಲ್ಲಿ ಎತ್ತರ ಅದರ ಮೂರರಷ್ಟು ಇರುತ್ತದೆ.

ಎರಡನೆಯದು ಮುಚ್ಚಿಹೋಗುವ ಥ್ರಸ್ಟ್. ಮೇಲಿನಿಂದ ಇಳಿಯುವಾಗ ಥ್ರಸ್ಟ್ ಐಡಲ್‌ನಲ್ಲಿ (ತೀರಾ ಕಡಿಮೆಯಲ್ಲಿ) ಇರುವುದು ಸಹಜ, ಆದ್ದರಿಂದ ತಪ್ಪು ಕಾರಣಕ್ಕೆ ಐಡಲ್ ಆದರೂ ಯಾರಿಗೂ ಸಂಶಯ ಬರುವುದಿಲ್ಲ. 2009ರ ಫೆಬ್ರವರಿ 25ರಂದು ಆಮ್‌ಸ್ಟರ್‌ಡ್ಯಾಮ್‌ನ ಸ್ಖಿಪೋಲ್‌ನಲ್ಲಿ ಟರ್ಕಿಷ್ ಏರ್‌ಲೈನ್ಸ್ 1951ಕ್ಕೆ ಆದದ್ದು ಇದೇ. ನೆಲದಿಂದ ಎತ್ತರ ಅಳೆಯುವ ಎಡಬದಿಯ ರೇಡಿಯೊ ಆಲ್ಟಿಮೀಟರ್ ಸುಮಾರು 1950 ಅಡಿ ಎತ್ತರದಲ್ಲಿ ಮೈನಸ್ 8 ಅಡಿ ತೋರಿತು. ಥ್ರಸ್ಟನ್ನು ತಾನಾಗಿ ನಡೆಸುವ ಆಟೊಥ್ರಾಟಲ್ ನೆಲ ಬಂತೆಂದು ಲಿವರ್‌ಗಳನ್ನು ಹಿಂದಕ್ಕೆಳೆಯಿತು. ವಿಮಾನ ಮೇಲಿನಿಂದ ಗ್ಲೈಡ್ ಸ್ಲೋಪ್ ಹಿಡಿಯುತ್ತಿತ್ತು, ಚೆಕ್‌ಲಿಸ್ಟ್ ತಡವಾಗಿ ನಡೆಯುತ್ತಿತ್ತು. ಕಾಕ್‌ಪಿಟ್‌ನಲ್ಲಿ ಮೂವರಿದ್ದರು. 144 ನಾಟ್ ಇರಬೇಕಾದ ವೇಗ ಕರಗುವುದನ್ನು 460 ಅಡಿಯಲ್ಲಿ ಸ್ಟಿಕ್ ಶೇಕರ್ ಬಾರಿಸುವವರೆಗೆ ಒಬ್ಬರೂ ನೋಡಲಿಲ್ಲ. 9 ಜನ ಹೋದರು. ಅದಕ್ಕೇ 737ರಲ್ಲಿ ಆಟೊಥ್ರಾಟಲ್ ಇದ್ದರೂ ಲಿವರ್ ಮೇಲೆ ಒಂದು ಕೈ ಇರಲಿ ಎನ್ನುವುದು. ಲಿವರ್ ಚಲಿಸುವುದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ.

ಮೂರನೆಯದು ಉಳಿದುಹೋಗುವ ಶಕ್ತಿ. ಇದಕ್ಕೆ ಬಜ್ಪೆಗಿಂತ ಕಠಿಣ ಉದಾಹರಣೆ ಇಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812ರಲ್ಲಿದ್ದ 166 ಜನರಲ್ಲಿ 158 ಮಂದಿ ಸತ್ತರು, ಕಾಸರಗೋಡಿನ ಹಲವು ಮನೆಗಳಿಗೆ ಆ ಸುದ್ದಿ ಬಂತು. ಆ ದಿನ ಏರಿಯಾ ರಾಡಾರ್ ಕೆಟ್ಟಿದ್ದರಿಂದ ಇಳಿಯಲು ಅನುಮತಿ ಸಿಕ್ಕಿದ್ದು ಎಂದಿಗಿಂತ ಹತ್ತಿರದಲ್ಲಿ. ಆದರೆ ಸಿಬ್ಬಂದಿ ಅದಕ್ಕೆ ತಕ್ಕಂತೆ ಇಳಿಯುವ ಲೆಕ್ಕ ಹಾಕಲಿಲ್ಲ ಎಂದು ತನಿಖಾ ವರದಿ ಹೇಳುತ್ತದೆ. ಕ್ಯಾಪ್ಟನ್ ಹಾರಾಟದಲ್ಲಿ ಬಹಳ ಹೊತ್ತು ನಿದ್ದೆ ಹೋಗಿದ್ದು, ಎದ್ದ ಮೇಲಿನ ಮಂಪರು ತೀರ್ಮಾನಗಳನ್ನು ಕೆಡಿಸಿತು ಎಂಬುದೂ ಅದರಲ್ಲಿದೆ.

ಈಗ ಅಂಕಿ ನೋಡಿ. ಥ್ರೆಶೋಲ್ಡ್ ಮೇಲೆ 50 ಅಡಿ ಇರಬೇಕಿದ್ದಲ್ಲಿ ಸುಮಾರು 200. ವೇಗ 144 ಇರಬೇಕಿದ್ದಲ್ಲಿ 160ಕ್ಕೂ ಹೆಚ್ಚು. 3 ಡಿಗ್ರಿಯಲ್ಲಿ 150 ಅಡಿ ಹೆಚ್ಚುವರಿ ಎತ್ತರ ಎಂದರೆ ರನ್‌ವೇಯಲ್ಲಿ ಸುಮಾರು 2860 ಅಡಿ ಮುಂದೆ ತಾಗುವುದು. 144ರ ಬದಲು 160 ನಾಟ್ ಎಂದರೆ ಬ್ರೇಕ್ ನುಂಗಬೇಕಾದ ಶಕ್ತಿ 23 ಶೇಕಡಾ ಹೆಚ್ಚು, ಏಕೆಂದರೆ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವಿಮಾನ ಕೊನೆಗೆ ನೆಲ ಹಿಡಿದದ್ದು 8033 ಅಡಿಯ ರನ್‌ವೇಯಲ್ಲಿ 5200 ಅಡಿ ಕಳೆದ ಮೇಲೆ. ಇದರಲ್ಲಿ ದುರದೃಷ್ಟದ ಪಾಲು ಕಡಿಮೆ, ಲೆಕ್ಕದ ಪಾಲೇ ಹೆಚ್ಚು.

ಮೋಡ್ ಓದುವುದು

ಅಪ್ರೋಚ್ ಬಟನ್ ಒತ್ತಿದೆ ಎಂಬುದು ಅಪ್ರೋಚ್ ಹಿಡಿದಿದೆ ಎಂಬುದಕ್ಕೆ ಸಾಕ್ಷಿಯಲ್ಲ. ನೋಡಬೇಕಾದದ್ದು ಎಫ್‌ಎಂಎ, ಆಟೊಪೈಲಟ್ ಯಾವ ಮೋಡ್‌ನಲ್ಲಿದೆ ಎಂದು ಹೇಳುವ, ಸ್ಕ್ರೀನ್‌ನ ಮೇಲಂಚಿನ ಆ ಸಣ್ಣ ಅಕ್ಷರಗಳು. ಬೋಯಿಂಗ್‌ನಲ್ಲಿ ಕಾಯುತ್ತಿರುವುದು ಬಿಳಿ, ಏರ್‌ಬಸ್‌ನಲ್ಲಿ ನೀಲಿ. ಹಿಡಿದದ್ದು ಎರಡರಲ್ಲೂ ಹಸಿರು. ಪ್ರತಿ ಬದಲಾವಣೆಯನ್ನೂ ಬಾಯಿಬಿಟ್ಟು ಹೇಳಬೇಕು. ಲೊಕಲೈಸರ್ ಹಿಡಿಯದೆ ಗ್ಲೈಡ್ ಸ್ಲೋಪ್‌ನಲ್ಲಿ ಇಳಿಯಬಾರದು. ಲೊಕಲೈಸರ್‌ನ ನಂಬಬಹುದಾದ ವ್ಯಾಪ್ತಿ ನಡುಗೆರೆಯಿಂದ 10 ಡಿಗ್ರಿಯೊಳಗೆ 25 ಮೈಲಿ, 35 ಡಿಗ್ರಿಯವರೆಗೆ 17 ಮೈಲಿ. ಗ್ಲೈಡ್ ಸ್ಲೋಪ್‌ಗೆ ಬರೀ 8 ಡಿಗ್ರಿಯೊಳಗೆ 10 ಮೈಲಿ. ಈ ವ್ಯಾಪ್ತಿಯ ಹೊರಗಿನಿಂದಲೇ ಅಪ್ರೋಚ್ ಬಟನ್ ಒತ್ತಿ ಆರ್ಮ್ ಮಾಡಿದರೆ ಸುಳ್ಳು ಹಿಡಿತಕ್ಕೆ ನೀವೇ ಬಾಗಿಲು ತೆರೆದಿಟ್ಟ ಹಾಗೆ.

1000 ಅಡಿಯ ಗೇಟ್

ಮೋಡದಲ್ಲಿದ್ದರೆ ನೆಲದಿಂದ 1000 ಅಡಿಗೆ, ಹೊರಗೆ ಚೆನ್ನಾಗಿ ಕಾಣುತ್ತಿದ್ದರೆ 500 ಅಡಿಗೆ ಅಪ್ರೋಚ್ ಸ್ಥಿರವಾಗಿರಬೇಕು. ಸ್ಥಿರ ಎಂದರೆ ಗೇರ್ ಕೆಳಗೆ, ಲ್ಯಾಂಡಿಂಗ್ ಫ್ಲ್ಯಾಪ್, ಲೊಕಲೈಸರ್ ಗ್ಲೈಡ್ ಸ್ಲೋಪ್ ಎರಡೂ ಒಂದು ಡಾಟ್‌ನೊಳಗೆ, ವೇಗ ಗುರಿಯ ಆಸುಪಾಸು, ಇಳಿಯುವುದು ನಿಮಿಷಕ್ಕೆ 1000 ಅಡಿ ಮೀರದೆ, ಥ್ರಸ್ಟ್ ಐಡಲ್‌ನಲ್ಲಿ ಅಲ್ಲ, ಚೆಕ್‌ಲಿಸ್ಟ್ ಮುಗಿದಿರಬೇಕು. ಒಂದು ಇಲ್ಲದಿದ್ದರೂ ಗೋ ಅರೌಂಡ್. ‘ಈಗ ಸರಿಯಾಗುತ್ತದೆ’ ಎಂಬ ಮಾತು ಬಂದರೆ ಅದೇ ಇನ್ನೂ ಸರಿಯಾಗಿಲ್ಲ ಎಂಬುದರ ಒಪ್ಪಿಗೆ.

ಪಕ್ಕದವರ ಬಾಯಿ

ಬಜ್ಪೆಯಲ್ಲಿ ಫಸ್ಟ್ ಆಫೀಸರ್ ಮೂರು ಸಲ ಗೋ ಅರೌಂಡ್ ಎಂದರು. ನೆಲದ ಎಚ್ಚರಿಕೆ ವ್ಯವಸ್ಥೆಯೂ ಹಲವು ಸಲ ಕೂಗಿತು. ಯಾರೂ ಕಂಟ್ರೋಲ್ ತೆಗೆದುಕೊಳ್ಳಲಿಲ್ಲ. 2020ರ ಆಗಸ್ಟ್ 7ರಂದು ಕರಿಪ್ಪೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ 1344ರಲ್ಲೂ ಪಕ್ಕದ ಪೈಲಟ್ ಗೋ ಅರೌಂಡ್ ಕರೆದರು. ಅಲ್ಲೂ ವಿಮಾನ ನೆಲಕ್ಕೇ ಹೋಯಿತು, 21 ಜನ ಸತ್ತರು. ಪಕ್ಕದವರು ಕಂಟ್ರೋಲ್ ತೆಗೆದುಕೊಳ್ಳದೆ ಹೋದದ್ದನ್ನು ಎರಡೂ ವರದಿಗಳು ಎತ್ತಿ ಹೇಳುತ್ತವೆ. ಹಿರಿಯರ ಎದುರು ದನಿ ಏರಿಸಬಾರದೆಂದು ಬೆಳೆದ ನಮ್ಮಂಥವರಿಗೆ ಈ ಪಾಠ ಎಲ್ಲಕ್ಕಿಂತ ಕಷ್ಟದ್ದು.

ಆದ್ದರಿಂದ ಮಾತನ್ನು ಮೊದಲೇ ಕಟ್ಟಿಟ್ಟುಕೊಳ್ಳಿ. ಮೊದಲು ಅಂಕಿ ಹೇಳಿ: ‘ಸ್ಪೀಡ್ ಪ್ಲಸ್ 15’, ‘ಸಿಂಕ್ 1400’ (ನಿಮಿಷಕ್ಕೆ 1400 ಅಡಿ ಇಳಿತ). ‘ಸ್ವಲ್ಪ ಮೇಲಿದ್ದೀವಾ ಸರ್’ ಎಂಬ ಪ್ರಶ್ನೆಗೆ ‘ಹೂಂ’ ಎಂಬ ಉತ್ತರ ಸಿಕ್ಕಿ ಅಲ್ಲಿಗೇ ಮುಗಿಯುತ್ತದೆ. ಗೇಟ್‌ನಲ್ಲಿ ‘ಅನ್‌ಸ್ಟೇಬಲ್, ಗೋ ಅರೌಂಡ್’ ಎನ್ನಿ. ಎರಡು ಸಲ ಕರೆದರೂ ಉತ್ತರವಿಲ್ಲ ಅಥವಾ ವಿಮಾನ ಬದಲಾಗಲಿಲ್ಲ ಎಂದರೆ ಎದುರಿನವರು ಅಸಮರ್ಥರಾಗಿದ್ದಾರೆ ಎಂದೇ ಭಾವಿಸಿ ‘ಐ ಹ್ಯಾವ್ ಕಂಟ್ರೋಲ್’ ಎಂದು ತೆಗೆದುಕೊಳ್ಳಬೇಕು. ಕ್ಯಾಪ್ಟನ್ ಆದವರು ಇದನ್ನು ಬ್ರೀಫಿಂಗ್‌ನಲ್ಲೇ ಹೇಳಿಬಿಟ್ಟರೆ ಕಿರಿಯರ ನಾಲಗೆಯ ಗಂಟು ಅರ್ಧ ಬಿಚ್ಚುತ್ತದೆ.

ಮಿನಿಮಮ್ಸ್‌ನಿಂದ ಚಕ್ರದವರೆಗೆ

ಐಎಲ್‌ಎಸ್‌ನ ಮೊದಲ ದರ್ಜೆಯಾದ ಕ್ಯಾಟ್ 1ರಲ್ಲಿ ಸಾಮಾನ್ಯ ಕನಿಷ್ಠ ಮಿತಿ 200 ಅಡಿ, ಆರ್‌ವಿಆರ್ (ರನ್‌ವೇ ಮೇಲೆ ಕಣ್ಣಿಗೆ ಕಾಣುವ ದೂರ) 550 ಮೀಟರ್. ಅಲ್ಲಿ ದೀಪ ಕಾಣಲಿಲ್ಲ ಎಂದರೆ ಒಂದು ಸೆಕೆಂಡೂ ಇಣುಕಬಾರದು. ಕಂಡ ಮೇಲೂ ತಪ್ಪು ಉಂಟು: ರನ್‌ವೇ ಕಂಡ ಖುಷಿಗೆ ಮೂಗು ತಗ್ಗಿಸಿ ಗ್ಲೈಡ್ ಸ್ಲೋಪ್‌ನ ಕೆಳಗೆ ನುಸುಳುವುದು. ಮಳೆ ಹನಿ ಗಾಜಿನ ಮೇಲಿದ್ದರೆ ಬೆಳಕು ಬಾಗಿ, ತಾನು ಇರುವುದಕ್ಕಿಂತ ಮೇಲಿದ್ದೇನೆ ಎಂದು ಪೈಲಟ್‌ಗೆ ಅನಿಸುತ್ತದೆ, ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ಒಬ್ಬರ ಕಣ್ಣು ಹೊರಗೆ ಹೋದರೆ ಇನ್ನೊಬ್ಬರ ಕಣ್ಣು ಒಳಗೆ ಸೂಜಿಯ ಮೇಲೇ ಇರಬೇಕು. ರನ್‌ವೇ ಪಕ್ಕದಲ್ಲಿ ಇಳಿಜಾರು ಸರಿಯೇ ಎಂದು ತೋರಿಸುವ ಪಾಪಿ (PAPI) ದೀಪಗಳು ಎರಡು ಬಿಳಿ, ಎರಡು ಕೆಂಪು ಇರಬೇಕು.

ಕರಿಪ್ಪೂರಿನಲ್ಲಿ ಅವತ್ತು ಮಳೆ, ಕ್ಯಾಪ್ಟನ್ ಬದಿಯ ವೈಪರ್ ಕೈಕೊಟ್ಟಿತ್ತು. ರನ್‌ವೇ 28ರ ಮೊದಲ ಅಪ್ರೋಚ್ ಬಿಟ್ಟು, ಹಿಂಗಾಳಿ ಇದ್ದ ರನ್‌ವೇ 10ಕ್ಕೆ ಬಂದರು. ಆಟೊಪೈಲಟ್ ತೆಗೆದ ಮೇಲೆ ಇಳಿಯುವ ವೇಗ ನಿಮಿಷಕ್ಕೆ 1500 ಅಡಿವರೆಗೆ ಹೋಯಿತು. ಆಮೇಲೆ ನೆಲದ ಮೇಲೆ ತೇಲಿ, 8858 ಅಡಿಯ ಒದ್ದೆ ರನ್‌ವೇಯಲ್ಲಿ 4438 ಅಡಿ ಕಳೆದ ಮೇಲೆ ತಾಗಿತು. ಮೆತ್ತಗೆ ಇಳಿಸುವ ಆಸೆ ಒದ್ದೆ ಟೇಬಲ್‌ಟಾಪ್‌ನಲ್ಲಿ ಬೇಡವೇ ಬೇಡ. ಮೊದಲ 3000 ಅಡಿ ಅಥವಾ ರನ್‌ವೇಯ ಮೊದಲ ಮೂರನೇ ಒಂದು ಭಾಗ, ಯಾವುದು ಕಡಿಮೆಯೋ ಅದರೊಳಗೆ ಗಟ್ಟಿಯಾಗಿ ಕೂರಿಸಬೇಕು. ಅದು ದಾಟಿದರೆ ಮೇಲೇರಬೇಕು. ಗಲ್ಫ್‌ನಿಂದ ಬಂದವರು ‘ಪೈಲಟ್ ಕುಕ್ಕಿ ಇಳಿಸಿದ’ ಎಂದು ಗೊಣಗಿದರೆ ಗೊಣಗಲಿ.

ಗೋ ಅರೌಂಡ್‌ನಲ್ಲಿ ಆಗುವ ತಪ್ಪು

ಟೋಗಾ (ಗೋ ಅರೌಂಡ್‌ಗೆ ಥ್ರಸ್ಟ್ ಏರಿಸುವ ಮೋಡ್), ಮೂಗು 15 ಡಿಗ್ರಿಯತ್ತ, 737ರಲ್ಲಿ ಫ್ಲ್ಯಾಪ್ 15, ಏರುತ್ತಿದೆ ಎಂದು ಖಚಿತವಾದ ಮೇಲೆ ಗೇರ್. ಎಫ್‌ಎಂಎಯಲ್ಲಿ ಟೋಗಾ ಬಂದಿದೆಯೇ ಎಂದು ಓದದೆ ಇರುವುದು, ಮಿಸ್ಡ್ ಅಪ್ರೋಚ್ ಎತ್ತರವನ್ನು ಮೊದಲೇ ಹಾಕದೆ ಇರುವುದು ಸಾಮಾನ್ಯ. ಕತ್ತಲಲ್ಲಿ ಥ್ರಸ್ಟ್ ಹಠಾತ್ತನೆ ಏರಿದಾಗ ಒಳಕಿವಿ ಮೂಗು ತುಂಬ ಎದ್ದಿದೆ ಎಂದು ಸುಳ್ಳು ಹೇಳುತ್ತದೆ. ಅದನ್ನು ನಂಬಿ ತಗ್ಗಿಸಿದರೆ ನೆಲ. ಕಣ್ಣು ಹೊರೈಜನ್ ಬಾರ್ ಬಿಟ್ಟು ಆಚೆ ಈಚೆ ಹೋಗಬಾರದು. ಮತ್ತು ರಿವರ್ಸರ್ (ವಿಮಾನ ನಿಲ್ಲಿಸಲು ಎಂಜಿನ್‌ನ ಗಾಳಿಯನ್ನು ಮುಂದಕ್ಕೆ ತಿರುಗಿಸುವ ಸಾಧನ) ತೆರೆದ ಮೇಲೆ ಗೋ ಅರೌಂಡ್ ಇಲ್ಲ, ಅಲ್ಲೇ ನಿಲ್ಲಿಸಲು ನೋಡಬೇಕು. ಬಜ್ಪೆಯಲ್ಲಿ ರಿವರ್ಸರ್ ಹಾಕಿದ ಮೇಲೆ ಮತ್ತೆ ಏರಲು ಯತ್ನ ನಡೆದಿತ್ತು.

ಮನೆಯಲ್ಲಿ ಮಾಡಬಹುದಾದ ನಾಲ್ಕು ಅಭ್ಯಾಸ

ಸಿಮ್ಯುಲೇಟರ್‌ನಲ್ಲಿ ಬಜ್ಪೆಯ ರನ್‌ವೇ 24 ಹಾಕಿ. ಮೊದಲು 12 ಮೈಲಿಯಲ್ಲಿ 6000 ಅಡಿ, 220 ನಾಟ್‌ನಿಂದ ಶುರು ಮಾಡಿ 1000 ಅಡಿಯ ಗೇಟ್‌ಗೆ ಸ್ಥಿರವಾಗಲು ಸಾಧ್ಯವೇ ನೋಡಿ. ಆಗದಿದ್ದರೆ ಗೇಟ್‌ನಲ್ಲೇ ಬಿಡಿ. ಇಳಿಸಿ ನೋಡೋಣ ಎಂದು ಹೋದರೆ ಅಭ್ಯಾಸವಾಗುವುದು ತಪ್ಪೇ. ಎರಡನೆಯದಕ್ಕೆ ಗೆಳೆಯರೊಬ್ಬರು ನಿಮಗೆ ತಿಳಿಯದಂತೆ ಕ್ಯೂಎನ್‌ಎಚ್ 10 ಹೆಚ್ಚಿಸಿಡಲಿ, 5 ಮೈಲಿಯ ತಾಳೆಯಲ್ಲಿ ನಿಮಗೆ ಸಿಕ್ಕಬೇಕು. ಮೂರನೆಯದಕ್ಕೆ 12 ನಾಟ್ ಹಿಂಗಾಳಿ, ಒದ್ದೆ ರನ್‌ವೇ: ಎಷ್ಟನೇ ಅಡಿಗೆ ತಾಗಿದಿರಿ ಎಂದು ಬರೆದಿಡಿ. ನಾಲ್ಕನೆಯದಕ್ಕೆ ಗೆಳೆಯರು 300 ಅಡಿಯಿಂದ ಕೆಳಗೆ ಯಾವಾಗಲಾದರೂ ಗೋ ಅರೌಂಡ್ ಎನ್ನಲಿ, 20 ಅಡಿಯಲ್ಲಿ ಎಂದರೂ ಸರಿ. ಆ ಎತ್ತರದಲ್ಲಿ ಚಕ್ರ ಒಮ್ಮೆ ನೆಲಕ್ಕೆ ತಾಗಿ ಹೋಗುವುದೂ ಉಂಟು. ಅದಕ್ಕೆ ಹೆದರಿ ಮೂಗನ್ನು ಜಾಸ್ತಿ ಎತ್ತಿದರೆ ಬಾಲ ಉಜ್ಜುತ್ತದೆ. ಥ್ರಸ್ಟ್ ಏರುವವರೆಗೆ ಮೂಗನ್ನು ಇದ್ದಲ್ಲೇ ಹಿಡಿದು, ಆಮೇಲೆ ನಿಧಾನವಾಗಿ ಎತ್ತಿ.